ಅಂಕ ಕೊಡುವವರು, ಅಳಲು ಕೇಳುವವರು: ಶಾಲೆಗಳಲ್ಲಿ ಆತ್ಮಹತ್ಯೆ ತಡೆ ಕುರಿತ ಒಂದು ಮರುಪರಿಶೀಲನೆ

ಯುವಜನರ ಆತ್ಮಹತ್ಯೆ ಸಾರ್ವಜನಿಕ ಆರೋಗ್ಯದ ಪ್ರಶ್ನೆ ಎಂಬುದರಲ್ಲಿ ವಿದ್ವಾಂಸರಿಗೆ ಈಗ ಭಿನ್ನಮತವಿಲ್ಲ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರ 2012ರ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ ಆತ್ಮಹತ್ಯೆಯಿಂದ ಸಾಯುವ ಪುರುಷರಲ್ಲಿ ಶೇ. 40 ಮತ್ತು ಮಹಿಳೆಯರಲ್ಲಿ ಶೇ. 56 ಮಂದಿ 15ರಿಂದ 29ರ ವಯಸ್ಸಿನವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಯೇ 13,044. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಟೆಲಿ-ಮಾನಸ್ ಸಹಾಯವಾಣಿ (14416) ಆರಂಭವಾಯಿತು. ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವೂ ಹೊರಬಂತು.

ವಿವಾದವಿರುವುದು ಬೇರೆಡೆ: ಶಾಲೆಯೊಳಗೆ ಈ ಕೆಲಸ ಯಾರದು? ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿ ಎರಡನ್ನೂ ಕೇಳುತ್ತದೆ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗೆ ಒಬ್ಬ ಅರ್ಹ ಆಪ್ತಸಮಾಲೋಚಕರು, ಜೊತೆಗೆ ಎಲ್ಲ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ. ಮೊದಲನೆಯದಕ್ಕೆ ಹುದ್ದೆ ಬೇಕು, ಸಂಬಳ ಬೇಕು. ಎರಡನೆಯದು ಒಂದು ಕಾರ್ಯಾಗಾರದಲ್ಲಿ ಮುಗಿಯುತ್ತದೆ. ಹೀಗಾಗಿ ಆಚರಣೆಯಲ್ಲಿ ಎರಡನೆಯದೇ ಮೊದಲನೆಯದರ ಜಾಗ ತುಂಬುವ ಸಂಭವವಿದೆ. ತರಬೇತಿ ಪಡೆದ ಶಿಕ್ಷಕರು ಅಪಾಯದ ಸುಳಿವು ಹಿಡಿಯಬಲ್ಲರು, ಅಷ್ಟು ಸಾಕು ಎಂಬ ನಂಬಿಕೆ ಇದರ ಹಿಂದಿದೆ. ಇದನ್ನು ನಾನು ಒಪ್ಪಲಾರೆ.

ಡನೂಟಾ ವಾಸರ್ಮನ್ ತಂಡ 2015ರಲ್ಲಿ ಪ್ರಕಟಿಸಿದ ‘ಸೇಯ್ಲ್’ ಪ್ರಯೋಗವನ್ನು ನೋಡಬಹುದು. ಯುರೋಪಿನ 10 ದೇಶಗಳ 168 ಶಾಲೆಗಳ 11,110 ವಿದ್ಯಾರ್ಥಿಗಳು ಅದರಲ್ಲಿದ್ದರು. ಮಕ್ಕಳೊಂದಿಗೇ ಮಾತುಕತೆ, ಪಾತ್ರಾಭಿನಯ ನಡೆಸಿದ ಶಾಲೆಗಳಲ್ಲಿ ವರ್ಷದ ಕೊನೆಗೆ ಹೊಸ ಆತ್ಮಹತ್ಯಾ ಯತ್ನಗಳು ಶೇ. 0.70, ಹೋಲಿಕೆಯ ಗುಂಪಿನಲ್ಲಿ ಶೇ. 1.51. ಶಿಕ್ಷಕರಿಗೆ ತರಬೇತಿ ಕೊಟ್ಟ ಶಾಲೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಕರಿಗೆ ಗುರುತಿಸುವ ಕೌಶಲ ಸಾಲದು, ತರಬೇತಿ ಇನ್ನಷ್ಟು ಬೇಕು ಎಂದು ಇದನ್ನು ಅರ್ಥೈಸಬಹುದು. ಆದರೆ ಬಿಹಾರದ ನಳಂದ ಜಿಲ್ಲೆಯ 74 ಶಾಲೆಗಳಲ್ಲಿ ನಡೆದ ‘ಸೆಹರ್’ ಪ್ರಯೋಗ (2018) ಬೇರೆ ದಾರಿ ತೋರುತ್ತದೆ. ಕಾರ್ಯಕ್ರಮ ಒಂದೇ, ನಡೆಸಿದವರು ಬೇರೆ. ವೃತ್ತಿಪರ ಪದವಿಯಿಲ್ಲದ, ತರಬೇತಿ ಪಡೆದ ಸಮಾಲೋಚಕರು ನಡೆಸಿದಲ್ಲಿ ಶಾಲಾ ವಾತಾವರಣ ಸುಧಾರಿಸಿತು, ಖಿನ್ನತೆಯ ಲಕ್ಷಣ ಇಳಿಯಿತು. ಶಿಕ್ಷಕರು ನಡೆಸಿದಲ್ಲಿ ಫಲ ಕಾಣಲಿಲ್ಲ.

ಕೊರತೆ ಕೌಶಲದ್ದಲ್ಲ, ಸ್ಥಾನದ್ದು ಎಂಬುದು ನನ್ನ ವಾದ. ನಮ್ಮ ಪಿಯು ಕಾಲೇಜಿನಲ್ಲಿ 20 ಆಂತರಿಕ ಅಂಕ ಯಾರ ಕೈಯಲ್ಲಿದೆಯೋ, ಹಾಜರಾತಿ ಕಡಿಮೆಯಾದರೆ ಮನೆಗೆ ಫೋನ್ ಮಾಡುವವರು ಯಾರೋ, ಅವರ ಮುಂದೆಯೇ ‘ನನಗೆ ಬದುಕು ಬೇಡವೆನಿಸಿದೆ’ ಎಂದು ಹೇಳುವುದು ವಿದ್ಯಾರ್ಥಿಗೆ ಸುಲಭವಲ್ಲ. ಉಪನ್ಯಾಸಕರು ಎಷ್ಟೇ ಮಮತೆಯವರಾಗಿದ್ದರೂ ಈ ಅಳುಕು ಉಳಿಯುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಸೆಹರ್‌ನ ಮುಖ್ಯ ಅಳತೆಗೋಲು ಶಾಲಾ ವಾತಾವರಣ, ಆತ್ಮಹತ್ಯೆಯಲ್ಲ. ಅಲ್ಲಿನ ಸಮಾಲೋಚಕರಿಗೆ ಅದೇ ಪೂರ್ಣ ಕೆಲಸವಾಗಿದ್ದರೆ ಶಿಕ್ಷಕರಿಗೆ ಪಾಠದ ಹೊರೆಯೂ ಇತ್ತು. ಆದ್ದರಿಂದ ವ್ಯತ್ಯಾಸಕ್ಕೆ ಸ್ಥಾನಕ್ಕಿಂತ ಸಮಯವೇ ಕಾರಣವಿರಬಹುದು. ಸೇಯ್ಲ್‌ನಲ್ಲಿ ಯತ್ನಗಳ ಒಟ್ಟು ಸಂಖ್ಯೆ ಚಿಕ್ಕದು. ‘ಗಣನೀಯ ವ್ಯತ್ಯಾಸವಿಲ್ಲ’ ಎಂದರೆ ‘ಪರಿಣಾಮವೇ ಇಲ್ಲ’ ಎಂದಾಗದು. ಎರಡು ಪ್ರಯೋಗಗಳೂ ಸ್ಥಾನ ಮತ್ತು ಸಮಯವನ್ನು ಬೇರ್ಪಡಿಸಿ ಅಳೆದಿಲ್ಲ. ಹಾಗಾಗಿ ಶಿಕ್ಷಕರನ್ನು ಹೊರಗಿಡಬೇಕೆಂದು ನಾನು ಹೇಳುತ್ತಿಲ್ಲ. ಗಮನಿಸಿ, ಸರಿಯಾದವರ ಬಳಿ ಕಳುಹಿಸುವ ಕೊಂಡಿಯಾಗಿ ಅವರು ಬೇಕೇ ಬೇಕು. ಆದರೆ ಮನಬಿಚ್ಚಿ ಮಾತಾಡುವ ಜಾಗ ಅಂಕಪಟ್ಟಿಯಿಂದ ದೂರವಿರಲಿ ಎಂಬಷ್ಟು ತೀರ್ಮಾನಕ್ಕೆ ಈ ಪುರಾವೆ ಸಾಲುತ್ತದೆ.

ಒಬ್ಬರೇ ಉಪನ್ಯಾಸಕರಿಗೆ ಪಾಠದ ಹೊರೆ ಇಳಿಸಿ, ಬೇರೆ ಕಾಲೇಜಿನಲ್ಲಿ ಸಮಾಲೋಚಕರ ಕೆಲಸ ಕೊಟ್ಟರೆ ಫಲ ಬದಲಾದೀತೇ ಎಂಬುದು ಕರ್ನಾಟಕದಲ್ಲೇ ಪರೀಕ್ಷಿಸಬಹುದಾದ ಪ್ರಶ್ನೆ. ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. 2012ರ ಆ ಅಂದಾಜಿನಲ್ಲಿರುವ ಯುವಜನರಲ್ಲಿ ಎಲ್ಲರೂ ತರಗತಿಯಲ್ಲಿ ಕೂತವರಲ್ಲ. ಓದು ಬಿಟ್ಟು ಕೆಲಸಕ್ಕಿಳಿದ ಹುಡುಗರು, ಬೇಗ ಮದುವೆಯಾದ ಹೆಣ್ಣುಮಕ್ಕಳೂ ಆ ವಯಸ್ಸಿನವರೇ. ಶಾಲೆಯನ್ನೇ ನೆಲೆಯಾಗಿಸಿಕೊಂಡ ಯಾವ ವಾದವೂ, ಈ ಲೇಖನದ ವಾದವೂ ಸೇರಿ, ಅವರನ್ನು ಮುಟ್ಟುವುದಿಲ್ಲ.