ಗೋಡೆ ಬುಡದ ತಗಡು: ಬೆಚ್ಚನೆ ಮನೆಯ ಒಂದು ಸಣ್ಣ ಇತಿಹಾಸ

1/9
ಮೊದಲ ಫೋಟೋ ನೋಡಿ. ಗೋಡೆಯ ಬುಡದುದ್ದಕ್ಕೂ ಒಂದು ಉದ್ದನೆಯ ತಗಡಿನ ಪೆಟ್ಟಿಗೆ, ಮೇಲೆ ಬಿಳಿ ಬಣ್ಣ, ಮೂಲೆಯಲ್ಲಿ ತುಕ್ಕು. ನಿನ್ನೆ ಸ್ಟೋರಿ ಹಾಕಿ "ಇದೇನು ಹೇಳಿ" ಅಂದಾಗ ಬಂದ ಉತ್ತರಗಳು: "ವೈರಿಂಗ್ ಮುಚ್ಚೋಕಾ?", "ಇಲಿ ಬರದ ಹಾಗಾ?" ಎರಡೂ ಅಲ್ಲ. ಇದು ಬೇಸ್‌ಬೋರ್ಡ್ ಹೀಟರಿನ ಕವರ್.

ನಮ್ಮೂರಲ್ಲಿ ಬಿಸಿನೀರು ಅಂದ್ರೆ ಬಚ್ಚಲುಮನೆ, ಹಂಡೆ, ಒಲೆ. ಅಮೆರಿಕದ ಈಶಾನ್ಯ ಭಾಗದ ಹಳೇ ಮನೆಗಳಲ್ಲಿ ಬಿಸಿನೀರು ಗೋಡೆ ಬುಡದಲ್ಲೂ ಓಡಾಡುತ್ತೆ. ನೆಲಮಾಳಿಗೆಯ ಬಾಯ್ಲರಿನಲ್ಲಿ ಕಾದು, ಕೋಣೆ ಕೋಣೆ ಸುತ್ತಿ, ತಣ್ಣಗಾಗಿ ಮತ್ತೆ ಬಾಯ್ಲರಿಗೇ ವಾಪಸ್. ಮ್ಯಾಸಚೂಸೆಟ್ಸ್‌ಗೆ ಓದೋಕೆ ಬಂದ ಮೊದಲ ಚಳಿಗಾಲ ಈ ತಗಡನ್ನ ನಾನು ಬರೀ ಮುಚ್ಚಳ ಅಂದ್ಕೊಂಡಿದ್ದೆ. ಅದು ಎಷ್ಟು ದೊಡ್ಡ ತಪ್ಪು ಅನ್ನೋದೇ ಈ ಸರಣಿ. ಸ್ವೈಪ್ ಮಾಡ್ತಾ ಬನ್ನಿ.

2/9
ಸ್ವಲ್ಪ ಹಿಂದಕ್ಕೆ ಹೋಗೋಣ. 1850ರ ದಶಕದ ಮಧ್ಯ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಫ್ರಾಂಜ್ ಸಾನ್ ಗಲ್ಲಿ ಎಂಬ ಉದ್ಯಮಿ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್ ಮಾಡಿದ. ಇವತ್ತಿನ ರೇಡಿಯೇಟರಿನ ಮೂಲಪುರುಷ ಅಂತ ಸಾಮಾನ್ಯವಾಗಿ ಹೆಸರಿಸೋದು ಇವನನ್ನೇ. ಮುಂದಿನ ದಶಕಗಳಲ್ಲಿ ಅಮೆರಿಕದವರು ಎರಕದ ಕಬ್ಬಿಣದ ರೇಡಿಯೇಟರುಗಳನ್ನ ರಾಶಿ ರಾಶಿ ತಯಾರಿಸಿದರು. 1892ರಲ್ಲಿ ಹಲವು ಕಾರ್ಖಾನೆಗಳು ಕೂಡಿ ಅಮೆರಿಕನ್ ರೇಡಿಯೇಟರ್ ಕಂಪನಿ ಆಯ್ತು.

ಎರಡನೇ ಫೋಟೋದಲ್ಲಿರೋದು ಆ ಕಂಪನಿ 1924ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿಸಿದ ಗಗನಚುಂಬಿ. ಕಪ್ಪು ಇಟ್ಟಿಗೆ, ನೆತ್ತಿಯಲ್ಲಿ ಚಿನ್ನದ ಬಣ್ಣ. ದೂರದಿಂದ ನೋಡಿದ್ರೆ ನಿಗಿನಿಗಿ ಕೆಂಡದ ಹಾಗೆ. ಮನೆ ಬೆಚ್ಚಗಿಡೋ ವ್ಯಾಪಾರದಲ್ಲಿ ಎಷ್ಟು ದುಡ್ಡಿತ್ತು ಅಂತ ಬೇರೆ ಹೇಳಬೇಕಾ?

3/9
ಆಮೇಲೆ ಬಂತು 1918ರ ಇನ್‌ಫ್ಲುಯೆಂಜಾ. ಮುಚ್ಚಿದ ಕೋಣೆಯ ಗಾಳಿ ಅಪಾಯ, ಚಳಿಗಾಲದಲ್ಲೂ ಕಿಟಕಿ ತೆಗೆದಿಡಿ ಅಂತ ಆರೋಗ್ಯ ಅಧಿಕಾರಿಗಳು ಹೇಳ್ತಿದ್ದ ಕಾಲ. ಕಿಟಕಿ ತೆರೆದಿದ್ದರೂ ಮನೆ ಬೆಚ್ಚಗಿರಬೇಕು ಎಂಬ ಲೆಕ್ಕದಲ್ಲಿ ದೊಡ್ಡ ದೊಡ್ಡ ಬಾಯ್ಲರು, ರೇಡಿಯೇಟರು ಕೂರಿಸಿದ್ರು.

ಸಾಂಕ್ರಾಮಿಕ ಹೋಯ್ತು, ಕಿಟಕಿ ಮುಚ್ಚಿಕೊಂಡವು. ಈಗ ಮನೆಯೊಳಗೆ ಬೆವರು! ಆಗ ಜನ ರೇಡಿಯೇಟರಿಗೆ ಕವರ್ ಹಾಕಿದ್ರು, ಬೆಳ್ಳಿ ಬಣ್ಣ ಬಳಿದ್ರು. ಚೆಂದಕ್ಕೆ ಹಾಕಿದ ಕವರು ಶಾಖವನ್ನೂ ತಗ್ಗಿಸಿತು. ಅಲ್ಯೂಮಿನಿಯಂ ಪುಡಿಯ ಬಣ್ಣ ಬಳಿದ ರೇಡಿಯೇಟರು ಕಡಿಮೆ ಶಾಖ ಕೊಡುತ್ತೆ ಅಂತ 1930ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾಪನ ಸಂಸ್ಥೆಯೇ ಜನರಿಗೆ ತಿಳಿಸಿತ್ತು. ಇದೊಂದು ನೆನಪಿಟ್ಟುಕೊಳ್ಳಿ: ಶಾಖದ ಮುಂದೆ ಏನೇ ಇಟ್ಟರೂ ಅದು ಶಾಖದ ದಾರಿ ಬದಲಿಸುತ್ತೆ.

4/9
ಎರಡನೇ ಮಹಾಯುದ್ಧ ಮುಗೀತು. ಸೈನಿಕರು ಮನೆಗೆ ಬಂದ್ರು, ಆದರೆ ಮನೆಗಳೇ ಇರಲಿಲ್ಲ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ 1947ರಿಂದ 1951ರೊಳಗೆ ಲೆವಿಟೌನ್ ಎಂಬ ಊರೇ ಎದ್ದಿತು, 17,000ಕ್ಕೂ ಹೆಚ್ಚು ಮನೆ. ನೆಲಮಾಳಿಗೆ ಇಲ್ಲ. ಬಿಸಿನೀರಿನ ತಾಮ್ರದ ಕೊಳವೆಗಳನ್ನ ಕಾಂಕ್ರೀಟ್ ನೆಲದೊಳಗೇ ಹೂತಿದ್ರು. ಕಾಲಿಗೆ ಬೆಚ್ಚಗೆ, ಕಣ್ಣಿಗೆ ಏನೂ ಕಾಣಲ್ಲ. ಆದ್ರೆ ವರ್ಷಗಳು ಕಳೆದು ಕೊಳವೆ ಸೋರೋಕೆ ಶುರುವಾದಾಗ ರಿಪೇರಿಗೆ ನೆಲವನ್ನೇ ಒಡೀಬೇಕಾಯ್ತು. ಎಷ್ಟೋ ಮನೆಯವರು ಅದರ ಸಹವಾಸ ಬಿಟ್ಟು ಗೋಡೆ ಬುಡಕ್ಕೆ ಬೇಸ್‌ಬೋರ್ಡ್ ಹಾಕಿಸಿಕೊಂಡ್ರು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗೋದು ಸರಿಯಲ್ಲ. ಲೆವಿಟೌನಿನ ಮೊದಲ ಕರಾರುಪತ್ರಗಳಲ್ಲಿ ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸುವಂತಿಲ್ಲ ಅಂತ ಬರೆದಿತ್ತು, ಮನೆಗೆಲಸದವರನ್ನ ಬಿಟ್ಟು. ನೀವು, ನಾನು ಆ ಬೆಚ್ಚನೆ ನೆಲದ ಮೇಲೆ ಕಾಲಿಡಬಹುದಿದ್ದದ್ದು ಕೆಲಸದವರಾಗಿ ಮಾತ್ರ.

5/9
ಬೇಸ್‌ಬೋರ್ಡಿನ ಒಳಗೆ ಏನಿದೆ? ಐದನೇ ಫೋಟೋ, ಕವರ್ ತೆಗೆದದ್ದು. ಒಂದು ತಾಮ್ರದ ಕೊಳವೆ, ಸಾಮಾನ್ಯವಾಗಿ ಮುಕ್ಕಾಲು ಇಂಚಿನದು. ಅದಕ್ಕೆ ಪುಸ್ತಕದ ಹಾಳೆಗಳ ಹಾಗೆ ಪೋಣಿಸಿದ ತೆಳು ಅಲ್ಯೂಮಿನಿಯಂ ರೆಕ್ಕೆಗಳು. ಅಷ್ಟೇ. ಎರಕದ ಕಬ್ಬಿಣಕ್ಕಿಂತ ಹಗುರ, ಅಗ್ಗ, ಜೋಡಿಸೋದೂ ಸುಲಭ. ಯುದ್ಧಾನಂತರದ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಅದರ ಕೆಲಸ ನಡೆಯೋದು ಕವರಿನಿಂದ. ತಣ್ಣನೆ ಗಾಳಿ ನೆಲದ ಹತ್ತಿರದ ಸಂದಿಯಿಂದ ಒಳಗೆ ಹೋಗುತ್ತೆ, ರೆಕ್ಕೆಗಳ ನಡುವೆ ಕಾಯುತ್ತೆ, ಮೇಲಿನ ಸಂದಿಯಿಂದ ಹೊರಗೆ ಬರುತ್ತೆ. ಅಜ್ಜಿ ಮನೆಯ ಲಾಟೀನು ನೆನಪಿದೆಯಾ? ಗಾಜು ತೆಗೆದ್ರೆ ದೀಪ ಹೊಗೆಯಾಡುತ್ತೆ, ಗಾಜು ಹಾಕಿದ್ರೆ ಗಾಳಿ ನೆಟ್ಟಗೆ ಮೇಲಕ್ಕೆ ಎಳೆದು ಉರಿ ನಿಲ್ಲುತ್ತೆ. ಗಾಜು ಬರೀ ಮುಚ್ಚಳ ಅಲ್ಲ, ದೀಪದ ಅರ್ಧ ಕೆಲಸ ಅದರದ್ದೇ. ಈ ತಗಡೂ ಹಾಗೇ.

6/9
ಈಗ ನಮ್ಮ ಪೆದ್ದುತನದ ಕತೆ. ಮೂವರು ಸೇರಿ ಬಾಡಿಗೆಗೆ ಹಿಡಿದ ಮನೆ. ನನ್ನ ಕೋಣೆಯಲ್ಲಿ ಮಂಚವನ್ನ ಬೇಸ್‌ಬೋರ್ಡಿಗೆ ಒತ್ತಿ ಇಟ್ಟಿದ್ದೆ, "ಬೆಚ್ಚಗಿರುತ್ತೆ" ಅಂತ. ರಗ್ಗು ಜೋತು ಬಿದ್ದು ಕೆಳಗಿನ ಸಂದಿ ಮುಚ್ಚಿತ್ತು. ಮೇಲಿನ ಮುಚ್ಚಳದ ರೆಕ್ಕೆ, ಅಂದ್ರೆ ಡ್ಯಾಂಪರ್, ಹಳೇ ಬಣ್ಣ ಮೆತ್ತಿಕೊಂಡು ಮುಚ್ಚಿದ ಹಾಗೇ ಕೂತಿತ್ತು. ಒಳಗೆ ನೀರು ಕಾಯ್ತಾ ಇದೆ, ಹೊರಗೆ ನಾನು ಸ್ವೆಟರ್ ಮೇಲೆ ಸ್ವೆಟರ್. ಓನರಿಗೆ ಫೋನ್ ಮಾಡೋಕೆ ಹೆದರಿಕೆ. ಬಾಡಿಗೆ ಜಾಸ್ತಿ ಮಾಡಿದ್ರೆ? ಖಾಲಿ ಮಾಡಿ ಅಂದ್ರೆ? ಬದಲಿಗೆ ಕರೆಂಟಿನ ಸಣ್ಣ ಹೀಟರ್ ತಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ವಿ. ಒಂದು ರಾತ್ರಿ ಪ್ಲಗ್ ಕರಗಿದ ವಾಸನೆಗೆ ಎಚ್ಚರ ಆಯ್ತು. ಏನೂ ಆಗಲಿಲ್ಲ. ಆಗಬಹುದಿತ್ತು.

ಅದಕ್ಕೇ ಇದನ್ನ ಬರೀತಿದ್ದೀನಿ. ಈ ವರ್ಷ ನಿಮ್ಮಲ್ಲಿ ಕೆಲವರು ಇದೇ ಥರದ ಮನೆಗೆ ಬರ್ತೀರಿ.

7/9
ಕವರ್ ಬದಲಿಸೋದು ಹೇಗೆ? ಮೊದಲು ಓನರಿನ ಒಪ್ಪಿಗೆ, ಬರಹದಲ್ಲಿ. ಹೀಟಿಂಗ್ ಆಫ್ ಮಾಡಿ, ಕೊಳವೆ ತಣ್ಣಗಾಗೋವರೆಗೆ ಕಾಯಿರಿ. ಒಳಗಿನ ನೀರು 82 ಡಿಗ್ರಿ ಸೆಲ್ಸಿಯಸ್‌ವರೆಗೂ ಇರುತ್ತೆ.

ಮನೆ 1978ಕ್ಕಿಂತ ಹಿಂದಿನದಾದ್ರೆ ಹಳೇ ಬಣ್ಣ ಕೆರೀಬೇಡಿ, ಉಜ್ಜಬೇಡಿ. ಆ ವರ್ಷ ಮನೆ ಬಣ್ಣದಲ್ಲಿ ಸೀಸ ನಿಷೇಧ ಆಯ್ತು, ಅದಕ್ಕೂ ಮೊದಲಿನದರಲ್ಲಿ ಇರಬಹುದು.

ಅಳತೆ ಮೂರು: ಉದ್ದ, ಹಿಂಬದಿ ತಗಡಿನ ಎತ್ತರ, ಗೋಡೆಯಿಂದ ಮುಂದಕ್ಕೆ ಎಷ್ಟು ಚಾಚಿದೆ ಅನ್ನೋದು. ಜೊತೆಗೆ ಎಡ ತುದಿ, ಬಲ ತುದಿ, ಒಳಮೂಲೆ, ಹೊರಮೂಲೆ ಎಷ್ಟೆಷ್ಟು ಎಣಿಸಿ. ಇವೆಲ್ಲ ಬೇರೆ ಬೇರೆ ತುಂಡು. ಹಳೇ ಹಿಂಬದಿ ತಗಡು ಗಟ್ಟಿಯಿದ್ರೆ ಮುಂಭಾಗ ಮಾತ್ರ ಕಳಚಿ, ಅದರ ಮೇಲೆ ಕೂರುವ ಹೊಸ ಕವರ್ ಸಾಕು. ಅದೂ ತುಕ್ಕು ಹಿಡಿದಿದ್ರೆ ಪೂರ್ತಿ ಸೆಟ್ ಬೇಕು, ಅದಕ್ಕೆ ಕೆಲಸ ಗೊತ್ತಿರೋರನ್ನ ಕರೆಸಿ. ಬಚ್ಚಲಿನ ಹತ್ತಿರದ್ದು ಬೇಗ ತುಕ್ಕು ಹಿಡಿಯುತ್ತೆ, ಅಲ್ಲಿಗೆ ತುಕ್ಕು ತಡೆಯೋ ಲೇಪನ ಇರೋದನ್ನೇ ಆರಿಸಿ.

8/9
ಹೊಸ ಕವರ್ ಆರಿಸುವಾಗ ಬಣ್ಣ, ಡಿಸೈನು ಆಮೇಲೆ. ಮೊದಲು ಕೆಳಗೆ ಗಾಳಿ ಹೋಗೋ ಜಾಗ, ಮೇಲೆ ಬರೋ ಜಾಗ ಇದೆಯಾ ನೋಡಿ. ಮಧ್ಯೆ ಎಷ್ಟು ತೂತಿದ್ರೂ ಕೆಳಗಡೆ ಮುಚ್ಚಿದ್ರೆ ಪ್ರಯೋಜನ ಇಲ್ಲ. ಕಾರ್ಪೆಟ್ ದಪ್ಪವಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕವರ್ ತೆಗೆದಾಗಲೇ ಒಳಗಿನ ಧೂಳನ್ನ ವ್ಯಾಕ್ಯೂಮ್‌ನಲ್ಲಿ ಎಳೀರಿ. ಬಗ್ಗಿದ ರೆಕ್ಕೆಗಳನ್ನ ಮೆಲ್ಲಗೆ ನೇರ ಮಾಡಿ, ಕೈಗವಸು ಹಾಕ್ಕೊಂಡು, ಅಂಚು ಬ್ಲೇಡಿನ ಹಾಗಿರುತ್ತೆ. ಕೊಳವೆ ತಗಡಿಗೆ ತಾಗದ ಹಾಗೆ ಪ್ಲಾಸ್ಟಿಕ್ ತುಂಡುಗಳಿದ್ರೆ ಅಲ್ಲಲ್ಲೇ ಬಿಡಿ. 20 ಅಡಿ ತಾಮ್ರದ ಕೊಳವೆ ಕಾದಾಗ ಸುಮಾರು 6 ಮಿಲಿಮೀಟರ್ ಉದ್ದ ಆಗುತ್ತೆ. ರಾತ್ರಿ ಕೇಳೋ "ಟಕ್ ಟಕ್" ದೆವ್ವ ಅಲ್ಲ, ತಾಮ್ರ ಮೈಮುರೀತಿರೋದು. ಕೊನೆಗೆ ಮಂಚ, ಸೋಫಾ, ಪರದೆ ಎಲ್ಲ ದೂರ.

9/9
ಕೊನೇ ಫೋಟೋ, ಈಗಿನ ನನ್ನ ಕೋಣೆ. ಕವರ್ ಹೊಸದು, ದುಡ್ಡು ಕೊಟ್ಟಿದ್ದು ಓನರ್. ನಾನು ಮಾಡಿದ್ದು ಒಂದು ಇಮೇಲ್, ಎರಡು ಫೋಟೋ, ಥರ್ಮಾಮೀಟರಿನ ಲೆಕ್ಕ. ಮ್ಯಾಸಚೂಸೆಟ್ಸ್ ನಿಯಮದ ಪ್ರಕಾರ ಹೀಟಿಂಗ್ ಕಾಲದಲ್ಲಿ ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ಕೋಣೆ 68 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 20 ಸೆಲ್ಸಿಯಸ್ ಇರಲೇಬೇಕು, ರಾತ್ರಿ 64. ಇದು ಓನರ್ ಮಾಡೋ ಉಪಕಾರ ಅಲ್ಲ, ಬಾಡಿಗೆದಾರರ ಹಕ್ಕು. ಬೇರೆ ರಾಜ್ಯದಲ್ಲಿದ್ರೆ ಅಲ್ಲಿನ ನಿಯಮ ಹುಡುಕಿ.

ಒಂದು ಕಾಲದಲ್ಲಿ ನಮ್ಮಂಥವರು ವಾಸಿಸಬಾರದು ಅಂತ ಕರಾರಿನಲ್ಲೇ ಬರೆದಿದ್ದ ದೇಶ ಇದು. ಅದು ತಾನಾಗಿ ಬದಲಾಗಲಿಲ್ಲ, ಕೇಳಿದವರಿಂದ ಬದಲಾಯ್ತು. ನಾವು ಚಳಿಯಲ್ಲಿ ಸುಮ್ಮನೆ ನಡುಗ್ತಾ ಕೂರೋದ್ಯಾಕೆ?

ಚಳಿ ಬರೋ ಮುಂಚೆ ನಿಮ್ಮ ಗೋಡೆ ಬುಡ ಒಮ್ಮೆ ಬಗ್ಗಿ ನೋಡಿ. ಡ್ಯಾಂಪರ್ ತೆರೆದಿದೆಯಾ, ಸಂದಿ ಖಾಲಿ ಇದೆಯಾ? ಫೋಟೋ ತೆಗೆದು ನನಗೂ ಟ್ಯಾಗ್ ಮಾಡಿ. ಆಗಸ್ಟಿನಲ್ಲಿ ವಿಮಾನ ಹತ್ತೋ ಗೆಳೆಯರಿದ್ರೆ ಅವರಿಗೂ ಕಳಿಸಿ.

#ಗೋಡೆಬುಡದಇತಿಹಾಸ #ಬಿಸಿನೀರು #ಚಳಿಗಾಲ #ಕನ್ನಡದಲ್ಲಿಇತಿಹಾಸ