ವಂಶಾವಳಿಗಳಲ್ಲಿ ಸೋದರಸಂಬಂಧ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಮನೆತನಗಳ ವಂಶಾವಳಿಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಬಂಧುವಾಚಕ ಶಬ್ದಗಳದು. ಕನ್ನಡದಲ್ಲಿ ತಾಯಿಯ ಸೋದರನೂ ಹೆಂಡತಿಯ ತಂದೆಯೂ ಮಾವನೇ. ತಂದೆಯ ಸೋದರಿಯೂ ಗಂಡನ ತಾಯಿಯೂ ಅತ್ತೆಯೇ. ಮಗಳ ಗಂಡನೂ ಸೋದರಿಯ ಮಗನೂ ಅಳಿಯನೇ. ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತರುವ ಮನೆಗಳಲ್ಲಿ ಈ ಎರಡು ಸಂಬಂಧಗಳೂ ಒಬ್ಬರಲ್ಲಿಯೇ ಕೂಡುವುದರಿಂದ ಶಬ್ದವೂ ಒಂದೇ ಆಗಿ ನಿಂತಿತು.

ಆಚಾರವು ಪ್ರಾಚೀನವಾದುದು. ಬೋಧಾಯನ ಧರ್ಮಸೂತ್ರವು ದಾಕ್ಷಿಣಾತ್ಯರ ಐದು ವಿಶೇಷಾಚಾರಗಳಲ್ಲಿ ಮಾತುಲನ ಮತ್ತು ಪಿತೃಷ್ವಸೆಯ ಪುತ್ರಿಯರ ಸಂಬಂಧವನ್ನು ಎಣಿಸಿದೆ. ಮನುಸ್ಮೃತಿಯು ಅದನ್ನು ನಿಷೇಧಿಸಿದರೂ, 14ನೆಯ ಶತಮಾನದಲ್ಲಿ ಮಾಧವಾಚಾರ್ಯರು ಪರಾಶರಮಾಧವೀಯದಲ್ಲಿ ಮಾತುಲಕನ್ಯಾಪರಿಣಯವನ್ನು ಸಮರ್ಥಿಸಿದರು. ಅಕ್ಕನ ಮಗಳನ್ನು ವರಿಸುವ ರೂಢಿಯು ಬೋಧಾಯನನ ಎಣಿಕೆಯಲ್ಲಿಲ್ಲ. ಆದರೂ ಕನ್ನಡನಾಡಿನ ಅನೇಕ ಕುಲಗಳಲ್ಲಿ ನಡೆದುಬಂದಿದೆ. ಈ ವಿವಾಹದಲ್ಲಿ ಅಕ್ಕನೇ ಅತ್ತೆಯಾಗುವಳು. ಹುಟ್ಟಿದ ಮಗುವು ವರನ ತಂದೆತಾಯಿಗಳಿಗೆ ಗಂಡಿನ ಕಡೆಯಿಂದ ಮೊಮ್ಮಗು, ಹೆಣ್ಣಿನ ಕಡೆಯಿಂದ ಮರಿಮಗು. ತಲೆಮಾರಿಗೆ 25 ವರ್ಷಗಳಂತೆ ಕಾಲವನ್ನು ಗಣಿಸುವವರು ಯಾವ ಕಡೆಯಿಂದ ಎಣಿಸಿದರೆಂಬುದನ್ನು ಹೇಳದಿದ್ದರೆ ಗಣನೆಯು 25 ವರ್ಷ ಹಿಂದುಮುಂದಾಗುವುದು.

ಶಾಸನಗಳಲ್ಲಿಯೂ ಎಚ್ಚರವು ಅವಶ್ಯಕ. ಹೊಯ್ಸಳ ವಿನಯಾದಿತ್ಯನ ರಾಣಿ ಕೆಲೆಯಬ್ಬರಸಿಯು ಮರಿಯಾನೆ ದಂಡನಾಯಕನನ್ನು ತಮ್ಮನೆಂದು ಭಾವಿಸಿ ದೇಕವ್ವೆಯನ್ನು ಕೊಟ್ಟು ಮದುವೆಮಾಡಿದಳು. ಆ ಮನೆತನದ ಎರಡನೆಯ ಮರಿಯಾನೆಯ ಮೂವರು ಪುತ್ರಿಯರನ್ನು ವಿನಯಾದಿತ್ಯನ ಮೊಮ್ಮಗ ಒಂದನೆಯ ಬಲ್ಲಾಳನು 1103ರಲ್ಲಿ ವರಿಸಿದನು. 'ತಮ್ಮ'ನೆಂಬುದನ್ನು ರಕ್ತಸಂಬಂಧವೆಂದು ತಿಳಿದರೆ ಬಲ್ಲಾಳನು ಅಜ್ಜಿಯ ತವರಿನಿಂದಲೇ ಹೆಣ್ಣು ತಂದಂತಾಗುವುದು. ಅದು ವಾತ್ಸಲ್ಯದ ಮಾತೆಂದು ತಿಳಿದರೆ ಆ ಊಹೆಗೆ ಆಧಾರವೇ ಉಳಿಯದು. ವಿಜಯನಗರದ ಅಳಿಯ ರಾಮರಾಯನು ಕೃಷ್ಣದೇವರಾಯನ ಮಗಳ ಗಂಡ. ತುಳುನಾಡಿನ ಅಳಿಯಸಂತಾನದಲ್ಲಿಯಾದರೋ ಅಳಿಯನೆಂದರೆ ಸೋದರಿಯ ಮಗ.

ಸಂಬಂಧಗಳ ನಿರ್ಣಯಕ್ಕೆ ಸ್ತ್ರೀಯರ ತವರಿನ ವಿವರವೇ ಮುಖ್ಯ ಸಾಧನ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನವು ಶಾಂತಲೆಯ ತಾಯಿ ಮಾಚಿಕಬ್ಬೆಗೆ ಬಲದೇವನು ತಂದೆ, ಬಾಚಿಕಬ್ಬೆಯು ತಾಯಿ ಎಂದು ಹೇಳಿರುವುದರಿಂದಲೇ ರಾಣಿಯ ಮಾತೃವಂಶವು ತಿಳಿಯುತ್ತದೆ. ಗಂಡುಮಕ್ಕಳ ಹೆಸರುಗಳನ್ನು ಮಾತ್ರ ಪೋಣಿಸಿದ ಮನೆಯ ಪಟ್ಟಿಗಳಲ್ಲಿ ಈ ಬೆಳಕಿಲ್ಲ. ಆದುದರಿಂದ ಸಂಶೋಧಕರು ಮೂಲದ ಶಬ್ದವನ್ನು ಇದ್ದಂತೆಯೇ ಬರೆದು, ಅರ್ಥನಿರ್ಣಯವನ್ನು ಬೇರೆಯಾಗಿ ತೋರಿಸಿ, ಪ್ರತಿಯೊಬ್ಬ ಸೊಸೆಯ ತವರನ್ನೂ ನಮೂದಿಸುವುದು ಯುಕ್ತ. ಇಲ್ಲವಾದರೆ ಒಬ್ಬನೇ ವ್ಯಕ್ತಿಯು ಇಬ್ಬರಾಗಿ, ಇಬ್ಬರು ಒಬ್ಬನಾಗಿ ಇತಿಹಾಸದಲ್ಲಿ ಸೇರಿಹೋಗುವರು.