ಹೊಗೆಕೊಳವೆಯ ಹೊಗೆ: ಏರುವಿಕೆ ಮತ್ತು ಚದುರುವಿಕೆ

ಚಿಮಣಿಯಿಂದ ಹೊರಬಿದ್ದ ಹೊಗೆ ಎಷ್ಟು ಎತ್ತರಕ್ಕೆ ಏರುತ್ತದೆ, ಹೇಗೆ ಹರಡುತ್ತದೆ, ಎಷ್ಟು ದೂರದಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬ ಅಧ್ಯಯನ ವಾಯುಮಂಡಲ ವಿಜ್ಞಾನದ ಒಂದು ಕವಲು. ಕೊಡಗಿನಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿಲ್ಲ, ಲೋಹ ಕರಗಿಸುವ ಕಾರ್ಖಾನೆಯಿಲ್ಲ. ಆದರೂ ಈ ವಿಜ್ಞಾನದ ಮೊದಲ ಪಾಠ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಹುತ್ತರಿ ಕಳೆದ ಮೇಲಿನ ಚಳಿಯ ಬೆಳಗು. ಗದ್ದೆಬಯಲಿನ ಅಂಚಿನ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿರುತ್ತದೆ. ಹೊಗೆ ಹೆಂಚಿನ ಸಂದಿಯಿಂದ ನುಸುಳಿ ಅಡಿಕೆಮರದ ತಲೆಯವರೆಗೆ ನೆಟ್ಟಗೆ ಏರುತ್ತದೆ. ಅಲ್ಲಿ ಯಾರೋ ಅಂಗೈ ಅಡ್ಡ ಹಿಡಿದಂತೆ ನಿಂತು, ಕಣಿವೆಯುದ್ದಕ್ಕೂ ಬಿಳಿ ಪಟ್ಟಿಯಾಗಿ ಚಾಚಿಕೊಳ್ಳುತ್ತದೆ. ತೋಟದ ಲೈನ್ ಮನೆಗಳ ಹೊಗೆಯೂ ಅದೇ ಪಟ್ಟಿಗೆ ಬಂದು ಸೇರುತ್ತದೆ. ಬಿಸಿಲು ಬಲಿತಾಗ ಪಟ್ಟಿ ಒಡೆಯುತ್ತದೆ. ಕಣದಲ್ಲಿ ಕಾಫಿ ಹರವುತ್ತಿರುವವರ ಮೂಗಿಗೆ ಸೌದೆಯ ವಾಸನೆ ಬಡಿಯುವುದು ಆಗ.

ಕಾರಣ ಸರಳ. ಏರುವ ಒಣ ಗಾಳಿ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವಷ್ಟು ಹೊತ್ತು ಹೊಗೆ ಮೇಲೇರುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಭಾರವಾದ ತಂಪು ಗಾಳಿ ಗುಡ್ಡದ ಇಳಿಜಾರಿನಿಂದ ಕಣಿವೆಗೆ ಜಾರಿ ತುಂಬಿಕೊಳ್ಳುತ್ತದೆ. ಆಗ ಕೆಳಗೆ ಚಳಿ, ಮೇಲೆ ಬೆಚ್ಚಗೆ. ಈ ತಲೆಕೆಳಗಾದ ಸ್ಥಿತಿಗೆ ಉಷ್ಣತಾ ವಿಲೋಮ ಎನ್ನುತ್ತಾರೆ. ಪಾತ್ರೆಗೆ ಮುಚ್ಚಳವಿಟ್ಟ ಹಾಗೆ ಅದು ಹೊಗೆಯನ್ನು ತಡೆಯುತ್ತದೆ.

ಜಗತ್ತು ಈ ಮುಚ್ಚಳದ ಪಾಠ ಕಲಿತದ್ದು ಹೆಚ್ಚಾಗಿ ಕಣಿವೆಗಳಲ್ಲೇ, ಅದೂ ದುಬಾರಿ ಬೆಲೆ ತೆತ್ತು. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಮ್ಯೂಸ್ ಕಣಿವೆಯಲ್ಲಿ ಅರವತ್ತಕ್ಕೂ ಹೆಚ್ಚು ಜನ, 1948ರಲ್ಲಿ ಅಮೆರಿಕದ ಡೊನೋರಾದಲ್ಲಿ 20 ಜನ ಸತ್ತರು. ಆದರೆ ವಿಜ್ಞಾನಕ್ಕೆ ಹೆಚ್ಚು ಕಲಿಸಿದ್ದು ಯಾರ ಪ್ರಾಣವನ್ನೂ ತೆಗೆಯದ ಒಂದು ಬೆಳೆಹಾನಿಯ ವ್ಯಾಜ್ಯ. ಕೆನಡಾದ ಟ್ರೇಲ್ ಊರಿನ ಸೀಸ ಮತ್ತು ಸತುವಿನ ಕಾರ್ಖಾನೆ 1925 ಮತ್ತು 1927ರಲ್ಲಿ 409 ಅಡಿ ಎತ್ತರದ ಎರಡು ಚಿಮಣಿ ಕಟ್ಟಿಸಿತು. ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಗಡಿ ದಾಟಿ ಅಮೆರಿಕದ ರೈತರ ಹೊಲ, ಕಾಡುಗಳನ್ನು ಸುಟ್ಟಿತು. ಎರಡು ದೇಶಗಳ ನಡುವಿನ ನ್ಯಾಯಮಂಡಳಿ 1941ರಲ್ಲಿ ಅಂತಿಮ ತೀರ್ಪು ಕೊಟ್ಟು, ಗಾಳಿಯ ಸ್ಥಿತಿ ನೋಡಿಕೊಂಡೇ ಹೊಗೆ ಬಿಡಬೇಕೆಂದು ಕಟ್ಟುಪಾಡು ವಿಧಿಸಿತು. ಅಲ್ಲಿನ ಅಳತೆಗಳಿಂದ ತಿಳಿದ ವಿಷಯ ಕೊಡಗಿನ ಬೆಳಗಿಗೂ ಹೊಂದುತ್ತದೆ: ರಾತ್ರಿಯಿಡೀ ಮೇಲೆ ತೇಲುತ್ತಿದ್ದ ಹೊಗೆ ಬೆಳಗಿನ ಬಿಸಿಲಿಗೆ ಕಲಕಿ, ಮೈಲುಗಟ್ಟಲೆ ಕಣಿವೆಗೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಇಳಿಯುತ್ತಿತ್ತು. ಹವಾಮಾನ ವಿಜ್ಞಾನಿ ಹ್ಯೂಸನ್ 1945ರಲ್ಲಿ ಇದನ್ನು ವಿವರಿಸಿದ.

ಲೆಕ್ಕಾಚಾರದ ದಾರಿ ಬೇರೆ ಕಡೆಯಿಂದ ಬಂತು. ಬ್ರಿಟನ್ನಿನ ಜಿ. ಐ. ಟೇಲರ್ 1921ರಲ್ಲಿ ಸುಳಿಗಾಳಿಯಲ್ಲಿ ಕಣಗಳು ಚದುರುವ ಸಿದ್ಧಾಂತ ಮಂಡಿಸಿದ. 1936ರಲ್ಲಿ ಬೋಸನ್‌ಕೆ ಮತ್ತು ಪಿಯರ್ಸನ್ ಅದೇ ಬಗೆಯ ಪ್ರಶ್ನೆಯನ್ನು ನೇರವಾಗಿ ಚಿಮಣಿಗೆ ಅನ್ವಯಿಸಿದರು. 1961ರಲ್ಲಿ ಫ್ರಾಂಕ್ ಪ್ಯಾಸ್ಕ್ವಿಲ್ ಬಿಸಿಲು, ಮೋಡ, ಗಾಳಿಯ ವೇಗ ಇಷ್ಟನ್ನೇ ನೋಡಿ ವಾಯುಮಂಡಲದ ಸ್ಥಿತಿಯನ್ನು ಎ ಯಿಂದ ಎಫ್ ವರೆಗೆ ಆರು ವರ್ಗ ಮಾಡಿದ. ದುಬಾರಿ ಉಪಕರಣ ಬೇಡವಾದ್ದರಿಂದ ಅದು ಎಲ್ಲೆಡೆ ಹಬ್ಬಿತು. ಹೊಗೆಯ ಏರಿಕೆಗೆ ಒಂದಕ್ಕೊಂದು ತಾಳೆಯಾಗದ ಹತ್ತಾರು ಸೂತ್ರಗಳಿದ್ದವು. ಗ್ಯಾರಿ ಬ್ರಿಗ್ಸ್ 1969ರಲ್ಲಿ ಅವನ್ನು ಜಾಲಾಡಿ ಒಂದು ಹದಕ್ಕೆ ತಂದ. ಅವನ ಸೂತ್ರದಂತೆ ಗಾಳಿಯ ವೇಗ ಇಮ್ಮಡಿಯಾದರೆ ಬಿಸಿ ಹೊಗೆಯ ಏರಿಕೆ ಅರ್ಧಕ್ಕಿಳಿಯುತ್ತದೆ.

ಚಿಮಣಿಯ ಎತ್ತರ ಮತ್ತು ಹೊಗೆಯ ಏರಿಕೆ ಕೂಡಿದ ಒಟ್ಟು ಎತ್ತರ ಇಮ್ಮಡಿಯಾದರೆ ನೆಲಮಟ್ಟದ ಗರಿಷ್ಠ ಸಾಂದ್ರತೆ ಕಾಲು ಭಾಗಕ್ಕೆ ಇಳಿಯುತ್ತದೆಂಬ ಲೆಕ್ಕ ಕೈಗಾರಿಕೆಗಳಿಗೆ ಬಲು ಹಿತವಾಯಿತು. 1972ರಲ್ಲಿ ಕೆನಡಾದ ಸಡ್‌ಬರಿಯಲ್ಲಿ 381 ಮೀಟರಿನ ಚಿಮಣಿ ಎದ್ದಿತು. ಊರಿನ ಗಾಳಿ ತಿಳಿಯಾಯಿತು. ಗಂಧಕ ಮಾತ್ರ ದೂರ ಹೋಗಿ ಬಿದ್ದಿತು. ಯುರೋಪಿನ ಹೊಗೆ ಸ್ಕ್ಯಾಂಡಿನೇವಿಯಾದ ಕೆರೆಗಳಿಗೆ ಆಮ್ಲಮಳೆಯಾಗಿ ಸುರಿಯುತ್ತಿದೆ ಎಂದು ಸ್ವೀಡನ್ನಿನ ಸ್ವಾಂಟೆ ಓಡೆನ್ ಅದಕ್ಕೂ ಮೊದಲೇ ಹೇಳಿದ್ದ. ಎತ್ತರದ ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ವಿಳಾಸ ಬದಲಿಸುತ್ತದೆ.

ಭಾರತದಲ್ಲಿ 1981ರ ವಾಯು ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆಗಳ ನಂತರ ಚಿಮಣಿಯ ಎತ್ತರ ನಿಯಮಕ್ಕೆ ಒಳಪಟ್ಟಿತು. ಗಂಟೆಗೆ ಬಿಡುವ ಗಂಧಕದ ಡೈಆಕ್ಸೈಡ್ ಎಷ್ಟು ಕಿಲೋ ಎಂದು ನೋಡಿ, ಆ ಅಂಕಿಯ 0.3 ಘಾತವನ್ನು 14ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. 100 ಕಿಲೋಗೆ ಸುಮಾರು 56 ಮೀಟರ್, 1,000 ಕಿಲೋಗೆ 111. ಅಂದರೆ ಅನಿಲ ಹತ್ತು ಪಟ್ಟು ಹೆಚ್ಚಿದರೂ ಚಿಮಣಿ ಬೆಳೆಯುವುದು ಎರಡೇ ಪಟ್ಟು. 500 ಮೆಗಾವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಶಾಖೋತ್ಪನ್ನ ವಿದ್ಯುತ್ ಘಟಕಗಳಿಗೆ ಬಹುಕಾಲ 275 ಮೀಟರ್ ನಿಗದಿಯಾಗಿತ್ತು. ಉಡುಪಿ ಜಿಲ್ಲೆಯ ಯಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳಿಗಾಗಿ ನಿಂತ ಚಿಮಣಿಯ ಎತ್ತರ ಅಷ್ಟೇ. ಮಳೆಗಾಲದ ಗಾಳಿ ಕರಾವಳಿಯ ಹೊಗೆಯನ್ನು ಘಟ್ಟದ ಕಡೆಗೇ ಒಯ್ಯುತ್ತದೆ, ದಾರಿಯಲ್ಲಿ ಮಳೆ ಅದನ್ನು ತೊಳೆಯುತ್ತದೆ.

ಹಳೆಯ ಲೆಕ್ಕಗಳೆಲ್ಲ ನೆಲ ಸಮತಟ್ಟೆಂದು ಭಾವಿಸಿ ಹುಟ್ಟಿದವು. 1985ರಲ್ಲಿ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದ ರಾಯಚೂರಿನ ಶಕ್ತಿನಗರದಂಥ ಬಯಲಿಗೆ ಅವು ಒಪ್ಪುತ್ತವೆ. ಗುಡ್ಡ ಅಡ್ಡ ಬಂದಾಗ ಹೊಗೆ ಸುತ್ತಿಕೊಂಡು ಹೋಗುತ್ತದೋ, ಮೇಲೆ ಹತ್ತುತ್ತದೋ, ನೇರ ಹೋಗಿ ಬಡಿಯುತ್ತದೋ ಎಂಬ ಎಣಿಕೆಯನ್ನು ಒಳಗೊಂಡ ಏರ್‌ಮಾಡ್ ಮಾದರಿಯನ್ನು ಅಮೆರಿಕ ಅಧಿಕೃತವಾಗಿ ಒಪ್ಪಿಕೊಂಡದ್ದು 2005ರಲ್ಲಿ. ಕೊಡಗಿನಂಥ ನೆಲಕ್ಕೆ ಇದು ಬೇಕೇಬೇಕು. ಕುಶಾಲನಗರಕ್ಕಿಂತ ಮಡಿಕೇರಿ 300 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಯಲ್ಲೂರಿನ ಚಿಮಣಿಯನ್ನೇ ತಂದು ಕುಶಾಲನಗರದಲ್ಲಿ ನಿಲ್ಲಿಸಿದರೂ ಅದರ ಬಾಯಿ ಮಡಿಕೇರಿ ಪೇಟೆಗಿಂತ ಕೆಳಗೇ ಉಳಿಯುತ್ತದೆ.